ನಮ್ಮ ಜಗಲಿ ಟ್ಯೂಷನ್‌ಗೆ ಬಂದ ಜಿಯೋಜಿಬ್ರಾ

ಶಿರಸಿಯಲ್ಲಿ ನಮ್ಮ ಮನೆಯ ಜಗಲಿಯ ಮೇಲೆ ಸಂಜೆ ಹೊತ್ತು ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಹೋದ ವರ್ಷದಿಂದ ಜಿಯೋಜಿಬ್ರಾ ಗ್ರಾಫಿಂಗ್ ಕ್ಯಾಲ್ಕುಲೇಟರ್ ಅನ್ನೋ ಆ್ಯಪ್ ಬಳಸುತ್ತಿದ್ದೇನೆ. ಸಮೀಕರಣ ಬರೆದರೆ ಅದರ ಗ್ರಾಫ್ ಎಳೆದು ತೋರಿಸುತ್ತದೆ. ದುಡ್ಡು ಕೊಡಬೇಕಿಲ್ಲ. ಒಮ್ಮೆ ಫೋನಿಗೆ ಹಾಕಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಮಳೆಗಾಲದಲ್ಲಿ ಇದೇ ದೊಡ್ಡ ಅನುಕೂಲ.

ನನಗೆ ತುಂಬಾ ಇಷ್ಟವಾಗಿದ್ದು ಸ್ಲೈಡರ್. 'ವೈ = ಎಂಎಕ್ಸ್ + ಸಿ' ಅಂತ ಬರೆದರೆ ಎಂ, ಸಿ ಎರಡಕ್ಕೂ ಜಾರಿಸುವ ಗುಂಡಿ ಬರುತ್ತದೆ. ಸಿ ಜಾರಿಸಿದರೆ ಗೆರೆ ಓರೆ ಬದಲಿಸದೆ ಮೇಲೆ ಕೆಳಗೆ ಹೋಗುತ್ತದೆ. ಎಂ ಜಾರಿಸಿದರೆ ವೈ ಅಕ್ಷಕ್ಕೆ ಮೊಳೆ ಹೊಡೆದ ಹಾಗೆ ಒಂದೇ ಕಡೆ ನಿಂತು ತಿರುಗುತ್ತದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎಂ ಅನ್ನು ಸೊನ್ನೆಗೆ ತಂದು, "ಅಕ್ಕೋರೆ, ಗೆರೆ ಮಲಗಿಬಿಡ್ತು!" ಅಂದಳು. ಇಳಿಜಾರು ಅಂದರೇನು ಅಂತ ಅವಳಿಗೆ ನಾನು ಮತ್ತೆ ಹೇಳಬೇಕಾಗಲಿಲ್ಲ.

ಒಂದು ಎಚ್ಚರಿಕೆ. ಘಾತ, ಅಂದರೆ ಸಂಖ್ಯೆಯ ತಲೆಯ ಮೇಲೆ ಪುಟ್ಟದಾಗಿ ಬರೆಯುವ ಅಂಕಿ, ಬರೆದ ಮೇಲೆ ಬಲಗಡೆ ಬಾಣದ ಗುಂಡಿ ಒತ್ತಿ ಕೆಳಗಿಳಿಯಬೇಕು. ಇಲ್ಲದಿದ್ದರೆ ಮುಂದೆ ಕೂಡಿಸಿದ್ದೂ ಘಾತದೊಳಗೇ ಸೇರಿಕೊಳ್ಳುತ್ತದೆ. ಮಕ್ಕಳಿಗೆ ಮೊದಲೇ ತೋರಿಸಿಕೊಡಿ.

ನಮ್ಮಲ್ಲಿ ಮೊದಲು ಗ್ರಾಫ್ ಹಾಳೆ, ಆಮೇಲೆ ಫೋನು. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಕೋಷ್ಟಕ, ಸ್ಕೇಲ್, ಬಿಂದು ಎಲ್ಲ ಕೈಯಿಂದಲೇ ಆಗಬೇಕಲ್ವಾ? 'ಎಕ್ಸ್ + ವೈ = 7', 'ಎಕ್ಸ್ − ವೈ = 1' ಎರಡನ್ನೂ ಹಾಳೆಯಲ್ಲಿ ಎಳೆದು, ಗೆರೆಗಳು (4, 3)ರಲ್ಲಿ ಕೂಡಿದ ಮೇಲೆ ತಾಳೆ ನೋಡಲು ಮಾತ್ರ ಫೋನು ಕೊಡುತ್ತೇನೆ.

ಒಂದು ದಿನ ಎಕ್ಸ್‌ನ ವರ್ಗ, 2ರ ಘಾತ ಎಕ್ಸ್, ಇವೆರಡೂ ಎಲ್ಲಿ ಸಮ ಅಂತ ಕೇಳಿದೆ. ಮಕ್ಕಳು ಸೊನ್ನೆಯಿಂದ ಕೋಷ್ಟಕ ಹಾಕಿ 2 ಮತ್ತು 4 ಅಂದರು. ಎರಡೂ ಸರಿ. ಫೋನಿನಲ್ಲಿ ನೋಡಿದರೆ ಎಡಗಡೆ ಇನ್ನೊಂದು ಕಡೆ ಸೇರಿದ್ದವು, ಸುಮಾರು −0.77ರ ಹತ್ತಿರ. ಎಲ್ಲರೂ ಫೋನಿನ ಮೇಲೆ ಬಗ್ಗಿದರು. "ಇದು ಯಾಕೆ ಸಿಗಲಿಲ್ಲ?" ಅಂತ ಅವರೇ ಕೇಳಿಕೊಂಡು ಕೋಷ್ಟಕವನ್ನು ಎಡಕ್ಕೆ ಬೆಳೆಸಿದರು. −1ರಲ್ಲಿ ವರ್ಗ 1, ಘಾತ ಅರ್ಧ. ಸೊನ್ನೆಯಲ್ಲಿ ವರ್ಗ 0, ಘಾತ 1. "ನಡುವೆ ಎಲ್ಲೋ ದಾಟಲೇಬೇಕು" ಅಂತ ಹಿಂದಿನ ಸಾಲಿನ ಹುಡುಗ ಹೇಳಿದ. ಸಾಮಾನ್ಯವಾಗಿ ಬಾಯಿಬಿಡದ ಹುಡುಗ ಅವನು. ಆ ಸಂಜೆ ಏಳೂವರೆಯಾದರೂ ಯಾರೂ ಚೀಲ ಕಟ್ಟಲಿಲ್ಲ.