ಮೂರು ಪೌಂಡಿನ ಜನನ ದಾಖಲೆ: ಇಂಗ್ಲೆಂಡಿನ ಜಿಆರ್‌ಒ ಸೇವೆಯಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಹುಟ್ಟಿದ ಪೂರ್ವಜರೊಬ್ಬರ ಹೆತ್ತವರು ಯಾರೆಂಬುದು ಖಚಿತವಿಲ್ಲ, 'ಯಾರೋ ಸಾಕಿಕೊಂಡರಂತೆ' ಎಂಬ ಮಾತಷ್ಟೇ ಮನೆಯಲ್ಲಿ ಉಳಿದಿದೆ ಎಂದಾದರೆ, ಮೊದಲ ದುಡ್ಡು ಹಾಕಬೇಕಾದ್ದು ಜನನ ಮರಣಗಳ ನೋಂದಣಿ ಇಟ್ಟಿರುವ ಸರ್ಕಾರಿ ಕಚೇರಿಯಾದ ಜನರಲ್ ರಿಜಿಸ್ಟರ್ ಆಫೀಸಿನ (ಜಿಆರ್‌ಒ) ಡಿಜಿಟಲ್ ಚಿತ್ರಕ್ಕೆ, ಅಂದರೆ ಜನನ ನಮೂದಿನ ಚಿತ್ರಕ್ಕೆ. ಬೆಲೆ 3 ಪೌಂಡ್. ಹಣ ಕಟ್ಟಿದ ಕೂಡಲೇ ಖಾತೆಯಲ್ಲಿ ತೆರೆದುಕೊಳ್ಳುತ್ತದೆ. ಇದೇ ದಾಖಲೆಯ ಪಿಡಿಎಫ್‌ಗೆ 8 ಪೌಂಡ್, ಅಂಚೆಯಲ್ಲಿ ಬರುವ ಪ್ರಮಾಣಪತ್ರಕ್ಕೆ 12.50. ವಂಶ ಹುಡುಕುವವರಿಗೆ ಪ್ರಮಾಣಪತ್ರ ಬೇಕಾಗಿಲ್ಲ. ಅದರಲ್ಲಿ ಇರುವುದೂ ಅದೇ ಮಾಹಿತಿ. ಚಿತ್ರ ಸಿಗುವುದು ನೂರು ವರ್ಷ ದಾಟಿದ ಜನನಗಳಿಗೆ ಮತ್ತು 1837ರಿಂದ 1887ರವರೆಗಿನ ಮರಣಗಳಿಗೆ ಮಾತ್ರ. ಮದುವೆಗೆ ಪ್ರಮಾಣಪತ್ರವೇ ಗತಿ.

ಆದರೆ ಈ ಸೇವೆಯ ನಿಜವಾದ ಬೆಲೆ ಇರುವುದು ಪುಕ್ಕಟೆ ಸಿಗುವ ಸೂಚಿಯಲ್ಲಿ, ಅಂದರೆ ನಮೂದುಗಳನ್ನು ಹುಡುಕುವ ಹೆಸರುಪಟ್ಟಿಯಲ್ಲಿ. ಹಳೆಯ ಮುದ್ರಿತ ಸೂಚಿಗಳಲ್ಲಿ ತಾಯಿಯ ತವರಿನ ಅಡ್ಡಹೆಸರು 1911ರ ಸೆಪ್ಟೆಂಬರ್ ತ್ರೈಮಾಸಿಕದಿಂದಷ್ಟೇ ಕಾಣುತ್ತದೆ. ಜಿಆರ್‌ಒ 2016ರಲ್ಲಿ ತೆರೆದ ಸೂಚಿಯಲ್ಲಿ ಅದು ನೋಂದಣಿ ಶುರುವಾದ 1837ರಿಂದಲೇ ಇದೆ. ತಾಯಿಗೆ ಮದುವೆಯಾಗಿರದೆ ತಂದೆಯ ಹೆಸರೂ ದಾಖಲಾಗದಿದ್ದರೆ ಆ ಜಾಗದಲ್ಲಿ ಬರೀ ಗೆರೆ ಇರುತ್ತದೆ. ನಮಗೆ ಬೇಕಾದ ಸುಳಿವು ಆ ಗೆರೆಯೇ.

ಹುಡುಕುವಾಗ ಅಡ್ಡಹೆಸರು ಮತ್ತು ಲಿಂಗ ಕೊಡಲೇಬೇಕು. ವರ್ಷ ಹೆಚ್ಚೆಂದರೆ ಹಿಂದೆ ಎರಡು, ಮುಂದೆ ಎರಡು. ಅಂದರೆ ಒಂದು ಹುಡುಕಾಟಕ್ಕೆ ಐದು ವರ್ಷ. ಸಾಕಿದ ದಂಪತಿಯ ಇಪ್ಪತ್ತೈದು ವರ್ಷದ ಮಕ್ಕಳನ್ನೆಲ್ಲ ಹೊರತೆಗೆಯಲು ಗಂಡಿಗೆ ಐದು, ಹೆಣ್ಣಿಗೆ ಐದು ಸಲ ಹುಡುಕಬೇಕು. ಮಗುವಿನ ಹೆಸರಿನ ಜಾಗ ಖಾಲಿ ಬಿಡಿ, ಗಂಡನ ಅಡ್ಡಹೆಸರು ಮತ್ತು ಹೆಂಡತಿಯ ತವರಿನ ಹೆಸರು ಎರಡನ್ನೂ ಹಾಕಿ. ಬಂದ ಪಟ್ಟಿಯಲ್ಲಿ ನಿಮ್ಮ ಪೂರ್ವಜರಿಲ್ಲವೆಂದರೆ, ಈಗ ತವರಿನ ಹೆಸರು ತೆಗೆದು ಅದೇ ಜಿಲ್ಲೆಯಲ್ಲಿ ಮತ್ತೆ ಹುಡುಕಿ, ಗೆರೆ ಇರುವ ನಮೂದುಗಳನ್ನು ನೋಡಿ. ಮೊಮ್ಮಗುವನ್ನು ಅಜ್ಜಿಯೇ ಮಗನೆಂದು ಬೆಳೆಸಿದ ಮನೆಗಳು ಬಹಳ. 'ತಾಯಿ'ಗೆ ಆಗ ವಯಸ್ಸು ನಲವತ್ತೈದು ದಾಟಿದ್ದು, ಮನೆಯಲ್ಲಿ ಹದಿನೆಂಟು ಇಪ್ಪತ್ತರ ಮಗಳಿದ್ದರೆ ಅನುಮಾನ ಅಲ್ಲಿಂದಲೇ ಶುರುವಾಗಲಿ. ಅಲ್ಲೂ ಸಿಗದಿದ್ದರೆ ಹೆಂಡತಿಯ ತವರಿನ ಹೆಸರನ್ನೇ ಮಗುವಿನ ಅಡ್ಡಹೆಸರಾಗಿ ಹಾಕಿ ನೋಡಿ: ಅವಳ ಮದುವೆಗೆ ಮುಂಚಿನ ಮಗುವೋ, ಅವಳ ತಂಗಿಯ ಮಗುವೋ ಆಗಿರಬಹುದು.

ಚಿತ್ರ ಕೈಗೆ ಬಂದ ಮೇಲೆ ತಂದೆಯ ಕಾಲಂ ಒಂದನ್ನೇ ನೋಡಿ ಮುಚ್ಚಿಡಬೇಡಿ. ಮಾಹಿತಿ ಕೊಟ್ಟವರ ಕಾಲಂ ಎಷ್ಟೋ ಸಲ ಹೆಚ್ಚು ಹೇಳುತ್ತದೆ: ತಾಯಿ ಹೆರಿಗೆಗೆ ಹೋದದ್ದು ಅಕ್ಕನ ಮನೆಗೋ, ವರ್ಕ್‌ಹೌಸಿಗೋ (ಬಡವರನ್ನು ಇರಿಸಿಕೊಳ್ಳುತ್ತಿದ್ದ ಸಾರ್ವಜನಿಕ ಆಶ್ರಯ) ಎಂಬುದು ಆ ವಿಳಾಸದಲ್ಲೇ ಇರುತ್ತದೆ. ಹುಟ್ಟಿದ ಗಂಟೆ ಬರೆದಿದ್ದರೆ ಬಹುಪಾಲು ಅವಳಿ. ಜೊತೆಯ ಮಗುವನ್ನು ಹುಡುಕಿ. ಮಗುವಿನ ಮಧ್ಯದ ಹೆಸರು ಯಾರದೋ ಅಡ್ಡಹೆಸರಿನಂತಿದ್ದರೆ ಗುರುತು ಹಾಕಿಕೊಳ್ಳಿ, ಅದು ತಂದೆಯದಿರಬಹುದು. 1875ರಿಂದ, ಮದುವೆಯಾಗದ ತಂದೆಯ ಹೆಸರು ಬರಬೇಕಾದರೆ ಅವನೇ ತಾಯಿಯ ಜೊತೆ ಬಂದು ಸಹಿ ಹಾಕಬೇಕಿತ್ತು. ಹಾಗಾಗಿ ಆ ನಂತರದ ಜಂಟಿ ಸಹಿಗೆ ತೂಕ ಹೆಚ್ಚು. ಆರಂಭದ ವರ್ಷಗಳಲ್ಲಿ ತಾಯಿಯ ಮಾತಿನ ಮೇಲೆಯೇ ತಂದೆಯ ಹೆಸರು ಬರೆದದ್ದೂ ಉಂಟು.

ಕೊರತೆಗಳೂ ಇವೆ. ಜಿಆರ್‌ಒ ಹತ್ತಿರ ಇರುವುದು ಸ್ಥಳೀಯ ರಿಜಿಸ್ಟ್ರಾರರು ಮೂರು ತಿಂಗಳಿಗೊಮ್ಮೆ ನಕಲು ಮಾಡಿ ಕಳಿಸಿದ ಪ್ರತಿ. ಅದರಲ್ಲಿ ಕಾಣುವ ಸಹಿ ತಾಯಿಯ ಕೈಬರಹವಲ್ಲ, ಗುಮಾಸ್ತನದು. ನಕಲಿಸುವಾಗ ಹೆಸರು ತಪ್ಪಾದದ್ದೂ ಇದೆ, ಸೂಚಿ ಮಾಡುವಾಗ ಇನ್ನೊಮ್ಮೆ ತಪ್ಪಾದದ್ದೂ ಇದೆ. ಸಂಶಯ ಬಂದರೆ ಆ ಜಿಲ್ಲೆಯ ನೋಂದಣಿ ಕಚೇರಿಯಿಂದ ಮೂಲ ನಮೂದಿನ ಪ್ರತಿ ತರಿಸಬೇಕು. 1875ಕ್ಕೆ ಮುಂಚೆ ನೋಂದಣಿಯೇ ಆಗದ ಮಕ್ಕಳೂ ಇದ್ದಾರೆ. ಅವರಿಗೆ ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರೇ ಆಧಾರ. ಮದುವೆಯಾಗದೆಯೇ ದಂಪತಿಯೆಂದು ಹೇಳಿಕೊಂಡು ನೋಂದಾಯಿಸಿದವರನ್ನಂತೂ ಈ ಸೇವೆ ಹಿಡಿದುಕೊಡುವುದಿಲ್ಲ. ಅವರ ಮದುವೆಯ ದಾಖಲೆ ಸಿಗದಿರುವುದೇ ಸುಳಿವು.

ಸಾಕಿಕೊಂಡ ವಿಷಯವನ್ನು ಇಲ್ಲಿ ಹುಡುಕಿ ಫಲವಿಲ್ಲ. ದತ್ತು ಕಾಯ್ದೆ 1926ರದು, ಜಾರಿಗೆ ಬಂದದ್ದು 1927ರ ಜನವರಿ 1ಕ್ಕೆ. ಅದಕ್ಕೂ ಮುಂಚೆ ಮಗು ಕೈಬದಲಾದದ್ದು ಮಾತಿನ ಮೇಲೆ, ಹೆಚ್ಚೆಂದರೆ ಒಂದು ಖಾಸಗಿ ಪತ್ರದ ಮೇಲೆ. ಅದನ್ನು ಜನಗಣತಿಯಲ್ಲೇ ಹಿಡಿಯಬೇಕು. 1851ರಿಂದ ಹತ್ತು ವರ್ಷಕ್ಕೊಮ್ಮೆ ಮನೆ ಯಜಮಾನನಿಗೆ ಇರುವ ಸಂಬಂಧ ಬರೆಯುತ್ತಿದ್ದರು. ನರ್ಸ್ ಚೈಲ್ಡ್ (ಸಾಕಲು ಕೊಟ್ಟ ಮಗು), ಅಡಾಪ್ಟೆಡ್ (ದತ್ತು), ಬೋರ್ಡರ್ (ಊಟ ವಸತಿಗೆ ಇದ್ದವರು), ಕೆಲವೊಮ್ಮೆ ವಿಸಿಟರ್ (ಅತಿಥಿ). ಹತ್ತು ವರ್ಷದ ಹಿಂದೆ ಬೋರ್ಡರ್ ಆಗಿದ್ದ ಮಗು ಮುಂದಿನ ಗಣತಿಯಲ್ಲಿ ಮಗ ಎಂದಾಗಿ, ಅಡ್ಡಹೆಸರೂ ಬದಲಾಗಿದ್ದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಹುಟ್ಟಿದ ಊರಿನ ಕಾಲಂ ಹಿಡಿದುಕೊಂಡು ಸೂಚಿಗೆ ಮರಳಿ. ಅದೇ ವ್ಯಕ್ತಿಯ ಮದುವೆ ಪತ್ರದಲ್ಲಿರುವ ತಂದೆಯ ಹೆಸರನ್ನು ಮಾತ್ರ ಹಾಗೇ ನಂಬಬೇಡಿ. ಸಾಕಿದವನನ್ನೋ ಅಜ್ಜನನ್ನೋ ಬರೆಸಿದವರಿದ್ದಾರೆ, ಖಾಲಿ ಬಿಡುವ ಅವಮಾನ ತಪ್ಪಿಸಲು ಇಲ್ಲದ ತಂದೆಯನ್ನು ಸೃಷ್ಟಿಸಿದವರೂ ಇದ್ದಾರೆ.

ತಂದೆಯ ಹೆಸರು ಬೇಕೇ ಬೇಕೆಂದರೆ ಕೌಂಟಿ ದಾಖಲಾಗಾರದಲ್ಲಿ ಪೆಟ್ಟಿ ಸೆಷನ್ಸ್ (ಸಣ್ಣ ವ್ಯಾಜ್ಯಗಳ ಸ್ಥಳೀಯ ನ್ಯಾಯಾಲಯ) ಪುಸ್ತಕಗಳನ್ನು ನೋಡಬೇಕು. 1844ರಿಂದ ತಾಯಿ ತಾನೇ ಅಲ್ಲಿ ಜೀವನಾಂಶ ಕೇಳಬಹುದಿತ್ತು. ವಾರಕ್ಕೆ ಎರಡೂವರೆ ಶಿಲಿಂಗ್ ಮಿತಿ ಇದ್ದದ್ದು 1872ರಲ್ಲಿ ಐದಕ್ಕೆ ಏರಿತು.

ಬೆಂಗಳೂರು ದಂಡಿನಲ್ಲೋ ಕೆಜಿಎಫ್‌ನಲ್ಲೋ ನೆಲೆಸಿದ ಮನೆತನದವರು ಒಂದು ವಿಷಯ ಗಮನಿಸಿ: ಇಲ್ಲಿ ಹುಟ್ಟಿದ ಮಕ್ಕಳು ಇಂಗ್ಲೆಂಡಿನ ಈ ಸೂಚಿಯಲ್ಲಿ ಸಿಗುವುದಿಲ್ಲ. ಅವರ ದೀಕ್ಷಾಸ್ನಾನದ ವಿವರ ಮದ್ರಾಸ್ ಪ್ರೆಸಿಡೆನ್ಸಿಯ ಚರ್ಚ್ ವರದಿಗಳಲ್ಲಿ, ಬ್ರಿಟಿಷ್ ಲೈಬ್ರರಿಯ ಎನ್/2 ಸರಣಿಯಲ್ಲಿದೆ; ವಂಶ ಹುಡುಕಾಟದ ಜಾಲತಾಣ ಫೈಂಡ್‌ಮೈಪಾಸ್ಟ್‌ನಲ್ಲಿ ಅದರ ಚಿತ್ರಗಳು ಸಿಗುತ್ತವೆ. ಅಲ್ಲಿ ಅಪ್ಪನ ಕೆಲಸ, ರೆಜಿಮೆಂಟ್ ನೋಡಿಕೊಂಡು, ಆ ಅಪ್ಪ ಇಂಗ್ಲೆಂಡಿನಲ್ಲಿ ಹುಟ್ಟಿದ ವರ್ಷ ಅಂದಾಜು ಸಿಕ್ಕ ಮೇಲೆ ಜಿಆರ್‌ಒಗೆ ಮೂರು ಪೌಂಡ್ ಕಟ್ಟಿ.