ಸಣ್ಣ ಸೈಜಿನ ಇನ್ಸುಲೇಟಿಂಗ್ ಗ್ಲೌಸ್: ಬ್ಯಾಟರಿ, ಸೋಲಾರ್, ಕ್ಯಾಲಿಬ್ರೇಶನ್ ಲ್ಯಾಬಿನ ಮಹಿಳೆಯರಿಗೆ ಯಾವುದು ಸರಿ?

ವಿದ್ಯುತ್ ಮಾಪನದಲ್ಲಿ, ಇಂಧನ ಸಂಶೋಧನೆಯಲ್ಲಿ ಮಹಿಳೆಯರು ಹೆಚ್ಚಬೇಕು ಎಂದು ಹೇಳುವ ಲ್ಯಾಬುಗಳಲ್ಲೇ ಸುರಕ್ಷತಾ ಕಪಾಟು ತೆರೆದರೆ ಶಾಕ್ ಹೊಡೆಯದಂತೆ ತಡೆಯುವ ರಬ್ಬರ್ ಗ್ಲೌಸ್ (ಇನ್ಸುಲೇಟಿಂಗ್ ಗ್ಲೌಸ್) ಬರೀ 9, 10, 11ನೇ ಸೈಜಿನದು ಇರುವುದುಂಟು. 7ನೇ ಸೈಜಿನ ಕೈಯ ಮಹಿಳೆಗೆ ಅದನ್ನು ಹಾಕಿಕೊಂಡು ಟರ್ಮಿನಲ್ ಬಿಗಿ ಮಾಡಲಾಗುವುದಿಲ್ಲ. ಕೇಬಲ್ ಜೋಡಿಸುವ ಕೆಲಸ ಪಕ್ಕದವರಿಗೆ ಹೋಗುತ್ತದೆ, ಆಕೆಯ ಪಾಲಿಗೆ ರೀಡಿಂಗ್ ಬರೆದುಕೊಳ್ಳುವುದು ಉಳಿಯುತ್ತದೆ. ಐಎಸ್‌ಒ/ಐಇಸಿ 17025:2017 ಎಂಬ ಅಂತರರಾಷ್ಟ್ರೀಯ ಲ್ಯಾಬ್ ಮಾನದಂಡದಂತೆ ನಡೆಯುವ ಲ್ಯಾಬಿನಲ್ಲಿ ಯಾರು ಯಾವ ಅಳತೆ ಮಾಡಬಹುದು ಎನ್ನುವುದಕ್ಕೆ ತರಬೇತಿ, ಮೇಲ್ವಿಚಾರಣೆ, ಸಾಮರ್ಥ್ಯದ ದಾಖಲೆ ಇರಲೇಬೇಕು. ಕೈಯಾರೆ ಅಳತೆ ಮಾಡದವರ ಹೆಸರಿನಲ್ಲಿ ಆ ದಾಖಲೆ ಬೆಳೆಯುವುದಿಲ್ಲ, ಸರ್ಟಿಫಿಕೇಟಿಗೆ ಸಹಿ ಹಾಕುವ ಹಂತ ದೂರವೇ ಉಳಿಯುತ್ತದೆ. ಅದಕ್ಕೇ ಗ್ಲೌಸಿನ ಸೈಜನ್ನು ಇಲ್ಲಿ ಬಡ್ತಿಯ ವಿಷಯವಾಗಿಯೇ ನೋಡಿದ್ದೇವೆ.

ಮೊದಲು ಕ್ಲಾಸ್, ಅಂದರೆ ಗ್ಲೌಸ್ ಎಷ್ಟು ವೋಲ್ಟಿನವರೆಗೆ ತಡೆಯುತ್ತದೆ ಎನ್ನುವ ದರ್ಜೆ. ಕ್ಲಾಸ್ 00 ಗ್ಲೌಸ್ 500 ವೋಲ್ಟ್ ಎಸಿ, 750 ವೋಲ್ಟ್ ಡಿಸಿವರೆಗೆ. ಕ್ಲಾಸ್ 0 ಆದರೆ 1000 ವೋಲ್ಟ್ ಎಸಿ, 1500 ವೋಲ್ಟ್ ಡಿಸಿವರೆಗೆ. ಎಲ್ಲರಿಗೂ ಕ್ಲಾಸ್ 0 ಕೊಂಡುಬಿಟ್ಟರೆ ಚಿಂತೆಯಿಲ್ಲ ಎನ್ನುವವರಿದ್ದಾರೆ. ಅದನ್ನು ನಾವು ಒಪ್ಪುವುದಿಲ್ಲ. ಕ್ಲಾಸ್ 00 ರಬ್ಬರಿನ ದಪ್ಪ ಸುಮಾರು ಅರ್ಧ ಮಿಲಿಮೀಟರ್, ಕ್ಲಾಸ್ 0 ಸುಮಾರು ಅದರ ಎರಡರಷ್ಟು. ಸಣ್ಣ ಕೈಗೆ ಈ ವ್ಯತ್ಯಾಸ ದೊಡ್ಡದು: ದಪ್ಪ ರಬ್ಬರನ್ನು ಬಗ್ಗಿಸುವುದರಲ್ಲೇ ಬೆರಳಿನ ಬಲ ಕಳೆದುಹೋಗುತ್ತದೆ. 400 ವೋಲ್ಟಿನ ಬ್ಯಾಟರಿ ಪ್ಯಾಕಿಗೆ, ಮೂರು ಫೇಸಿನ ಮೀಟರ್ ಕ್ಯಾಲಿಬ್ರೇಶನ್ನಿಗೆ (ಅಳತೆ ಸರಿಯಿದೆಯೇ ಎಂದು ತಾಳೆ ನೋಡುವುದಕ್ಕೆ) ಕ್ಲಾಸ್ 00 ಸಾಕು. 800 ವೋಲ್ಟಿನ ಪ್ಯಾಕಿಗೆ ಕ್ಲಾಸ್ 0 ಬೇಕೇ ಬೇಕು. ಲೆಕ್ಕ ಹಾಕುವಾಗ ಪ್ಯಾಕಿನ ಮೇಲೆ ಬರೆದ ವೋಲ್ಟೇಜ್ ಅಲ್ಲ, ಪೂರ್ತಿ ಚಾರ್ಜ್ ಆದಾಗಿನದನ್ನು ಹಿಡಿಯಿರಿ. ಸೋಲಾರ್ ಅರೇಯಲ್ಲಾದರೆ (ಜೋಡಿಸಿದ ಪ್ಯಾನೆಲ್‌ಗಳ ಸಾಲು) ಚಳಿಯಲ್ಲಿನ ಓಪನ್ ಸರ್ಕ್ಯೂಟ್ ವೋಲ್ಟೇಜ್, ಅಂದರೆ ಲೋಡ್ ಜೋಡಿಸದಿದ್ದಾಗಿನದು. 1500 ವೋಲ್ಟಿನ ಅರೇಗೆ ಕ್ಲಾಸ್ 0 ಅಂಚಿನಲ್ಲಿ ನಿಲ್ಲುತ್ತದೆ, ಅಲ್ಲಿ ಕ್ಲಾಸ್ 1ಕ್ಕೆ ಹೋಗುವುದೇ ಕ್ಷೇಮ.

ಸೈಜ್ ಎಂದರೆ ಅಂಗೈಯ ಸುತ್ತಳತೆ, ಇಂಚಿನಲ್ಲಿ. ಹೆಚ್ಚು ಬಳಸುವ ಕೈಯ ಗೆಣ್ಣುಗಳ ಮೇಲೆ, ಹೆಬ್ಬೆರಳು ಬಿಟ್ಟು, ಟೇಪ್ ಸುತ್ತಿ. 7.2 ಬಂದರೆ 7.5 ಕೇಳಿ. ಬೆವರಿಗೆಂದು ಒಳಗೆ ಹತ್ತಿಯ ಗ್ಲೌಸ್ ಹಾಕುವುದಾದರೆ ಇನ್ನೊಂದು ಅರ್ಧ ಸೇರಿಸಿ. ಸುತ್ತಳತೆ ಸರಿಯಿದ್ದರೂ ಬೆರಳಿನ ಉದ್ದ ತಪ್ಪಬಹುದು. ಬೆರಳ ತುದಿಯಲ್ಲಿ ಒಂದು ಸೆಂಟಿಮೀಟರ್ ರಬ್ಬರ್ ಖಾಲಿ ಉಳಿದರೆ 4 ಮಿ.ಮೀ. ಸೇಫ್ಟಿ ಪ್ಲಗ್ಗು ನೇರ ಕೂರುವುದಿಲ್ಲ, ವಾಷರ್ ಜಾರಿ ಕರೆಂಟ್ ಹರಿಯುವ ಲೋಹದ ಪಟ್ಟಿಯಾದ ಬಸ್‌ಬಾರಿನ ಮೇಲೆ ಬಿದ್ದರೆ ಶಾರ್ಟ್. ಸ್ಯಾಂಪಲ್ ಹಾಕಿಕೊಂಡು ಒಂದು ಎಂ5 ನಟ್ಟನ್ನು ಬೋಲ್ಟಿಗೆ ಕೈಯಲ್ಲೇ ತಿರುಗಿಸಿ ನೋಡಿ. ಮೊದಲ ಎರಡು ಸುತ್ತು ಹಿಡಿಯದಿದ್ದರೆ ಆ ಜೋಡಿ ಬೇಡ.

ಉದ್ದವನ್ನೂ ಕೇಳಿ. 360 ಮಿ.ಮೀ. ಗ್ಲೌಸ್ ಗಿಡ್ಡ ಮುಂಗೈಯವರಿಗೆ ಮೊಣಕೈಗೆ ತಾಗುತ್ತದೆ. ತೊಂದರೆಯಾಗಿ ಅಂಚನ್ನು ಮಡಚಿಕೊಳ್ಳುತ್ತಾರೆ. ಮಡಚಿದಲ್ಲಿ ರಬ್ಬರ್ ಹಿಗ್ಗಿ ಬಿರುಕು ಬಿಡುತ್ತದೆ. ಕ್ಲಾಸ್ 00, ಕ್ಲಾಸ್ 0 ಎರಡಕ್ಕೂ 280 ಮಿ.ಮೀ. ಸಿಗುತ್ತದೆ, ಅದೇ ಒಳ್ಳೆಯದು.

ನಮಗೆ ನಿರಾಸೆಯಾಗಿರುವುದು ರಬ್ಬರನ್ನು ಕಾಪಾಡಲು ಅದರ ಮೇಲೆ ಹಾಕುವ ಚರ್ಮದ ಗ್ಲೌಸಿನಲ್ಲಿ. ರಬ್ಬರ್ 7ರಲ್ಲಿ ಸಿಕ್ಕರೂ ಚರ್ಮ 9ರದ್ದೇ ಬಂತೆಂದರೆ ಒಳಗಿನ ರಬ್ಬರ್ ಸುಕ್ಕಾಗುತ್ತದೆ, ಹಿಡಿತ ತಪ್ಪುತ್ತದೆ. ಇಬ್ಬರು ಮಾರಾಟಗಾರರಿಂದ ಬೇರೆ ಬೇರೆ ತರಿಸಬೇಡಿ, ಒಬ್ಬನೇ ತಯಾರಕನ ಜೋಡಿ ತೆಗೆದುಕೊಳ್ಳಿ. ಚರ್ಮದ ಅಂಚಿಗಿಂತ ರಬ್ಬರಿನ ಅಂಚು ಕನಿಷ್ಠ 13 ಮಿ.ಮೀ. ಹೊರಗೆ ಉಳಿದಿರಬೇಕು, ಕ್ಲಾಸ್ 1ರಲ್ಲಿ 25. ಆ ಚರ್ಮದ ಗ್ಲೌಸನ್ನು ಬೇರೆ ಕೆಲಸಕ್ಕೆ ಮುಟ್ಟಬೇಡಿ: ಒಳಗೆ ಸಿಕ್ಕಿದ ಒಂದು ಲೋಹದ ಚೂರು ಸಾಕು, ರಬ್ಬರ್ ತೂತಾಗಲು.

ಬಾಳಿಕೆ ನೀವು ಇಡುವ ಜಾಗದ ಮೇಲಿದೆ. ಹೈ ವೋಲ್ಟೇಜ್ ಪರೀಕ್ಷೆ ನಡೆಯುವ ಹಾಲಿನಲ್ಲಿ ಕೊರೋನಾ ವಿಸರ್ಜನೆಯಿಂದ (ತಂತಿಯ ಸುತ್ತಲಿನ ಗಾಳಿಗೆ ವಿದ್ಯುತ್ ಸೋರುವುದು) ಓಝೋನ್ ಅನಿಲ ಹುಟ್ಟುತ್ತದೆ. ಅದು ಸ್ವಾಭಾವಿಕ ರಬ್ಬರನ್ನು, ಅದರಲ್ಲೂ ಹಿಗ್ಗಿದ ಭಾಗವನ್ನು, ತಿನ್ನುತ್ತದೆ. ಗ್ಲೌಸನ್ನು ಟೆಸ್ಟ್ ಹಾಲಿನ ಗೋಡೆಗೆ ತೂಗುಹಾಕುವ ಪದ್ಧತಿ ಇದ್ದರೆ ನಿಲ್ಲಿಸಿ. ಮಡಚದೆ, ಚೀಲದಲ್ಲಿ, ಬಿಸಿಲು ಬೀಳದ ಬೇರೆ ಕೋಣೆಯಲ್ಲಿಡಿ. ಇಂಥ ಗ್ಲೌಸುಗಳ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 60903ರ ಝಡ್ ಅಥವಾ ಆರ್ ಗುರುತಿನದು ಓಝೋನ್ ತಡೆಯುತ್ತದೆ, ಅದನ್ನೇ ಕೇಳಿ. ಪೆಟ್ರೋಲಿಯಂ ಜೆಲ್ಲಿಯಿರುವ ಹ್ಯಾಂಡ್ ಕ್ರೀಮ್ ಕೂಡ ರಬ್ಬರನ್ನು ಕೆಡಿಸುತ್ತದೆ. ಉಂಗುರ, ಬಳೆ, ವಾಚು ಮೊದಲೇ ತೆಗೆದಿಡಿ.

ಪ್ರತಿ ಬಾರಿ ಹಾಕುವ ಮೊದಲು ಗಾಳಿ ಪರೀಕ್ಷೆ. ಬಾಯಿಯ ಅಂಚನ್ನು ಎರಡೂ ಕಡೆ ಹಿಡಿದು ಬೆರಳುಗಳ ಕಡೆಗೆ ಸುರುಳಿ ಸುತ್ತುತ್ತಾ ಬನ್ನಿ, ಬೆರಳುಗಳು ಉಬ್ಬುತ್ತವೆ. ಹಾಗೇ ಬಿಗಿ ಹಿಡಿದು ಕೆನ್ನೆಯ ಹತ್ತಿರ ತನ್ನಿ. ಬೆರಳ ಸಂದುಗಳಲ್ಲಿ, ಹೆಬ್ಬೆರಳಿನ ಬುಡದಲ್ಲಿ ಸೋರುವ ಗಾಳಿ ಚರ್ಮಕ್ಕೆ ತಿಳಿಯುತ್ತದೆ. ಒಳಮೈ ಹೊರಗೆ ಮಾಡಿ ಇನ್ನೊಮ್ಮೆ ನೋಡಿ. ಆರು ತಿಂಗಳಿಗೊಮ್ಮೆ ವಿದ್ಯುತ್ ಪರೀಕ್ಷೆಗೆ ಕಳಿಸಬೇಕಾದಲ್ಲಿ ಇನ್ನೊಂದು ತೊಡಕು: ಸಣ್ಣ ಸೈಜಿನದು ಒಂದೇ ಜೋಡಿ ಇದ್ದರೆ ಅದು ಹೊರಗಿದ್ದಷ್ಟು ದಿನ ಆಕೆಯ ಪ್ರಯೋಗ ನಿಲ್ಲುತ್ತದೆ. ಎರಡು ಜೋಡಿ ಕೊಳ್ಳಿ, ಪರೀಕ್ಷೆಯ ತಿಂಗಳು ಬೇರೆ ಬೇರೆಯಾಗಿರಲಿ.

ಆರ್ಕ್ ಕೋಟಿನ (ಶಾರ್ಟ್ ಆದಾಗ ಹೊಮ್ಮುವ ವಿದ್ಯುತ್ ಕಿಡಿಯ ಉರಿ ತಡೆಯುವ ಕೋಟು) ಬಗ್ಗೆ ಒಂದೇ ಮಾತು. ಸೊಂಟಕ್ಕೆ ಸರಿಯಾಗಲೆಂದು ಗಂಡಸರ ದೊಡ್ಡ ಸೈಜ್ ಕೊಟ್ಟರೆ ತೋಳು ಉದ್ದವಾಗಿ ಮಡಚಬೇಕಾಗುತ್ತದೆ, ಮಣಿಕಟ್ಟು ತೆರೆದುಕೊಳ್ಳುತ್ತದೆ. ಮಹಿಳೆಯರ ಅಳತೆಯ, ಚದರ ಸೆಂಟಿಮೀಟರಿಗೆ 8 ಕ್ಯಾಲರಿ ಶಾಖ ತಡೆಯುವ ರೇಟಿಂಗಿನ ಕೋಟುಗಳಿವೆ. ಗರ್ಭಿಣಿಯರಿಗೆ ಪಕ್ಕದಲ್ಲಿ ಸಡಿಲಿಸುವ ಪಟ್ಟಿ ಇರುವುದನ್ನು ಹುಡುಕಿ. ಒಳಗೆ ನೈಲಾನ್ ಬೇಡ, ಅದು ಕರಗಿ ಮೈಗೆ ಅಂಟುತ್ತದೆ.

ನಮ್ಮ ಆಯ್ಕೆ: 750 ವೋಲ್ಟ್ ಡಿಸಿಯೊಳಗಿನ ಕೆಲಸಕ್ಕೆ ಕ್ಲಾಸ್ 00, ಆರ್ ಗುರುತು, 280 ಮಿ.ಮೀ., ಅದೇ ಸೈಜಿನ ಚರ್ಮದೊಂದಿಗೆ. ಸಣ್ಣ ಸೈಜ್ ಸ್ಟಾಕಿನಲ್ಲಿ ಇಲ್ಲದಿರುವುದು ಮಾಮೂಲು. ಹೊಸಬರು ಕೆಲಸಕ್ಕೆ ಸೇರುವ ದಿನ ಗೊತ್ತಾದ ಕೂಡಲೇ ಅಂಗೈ ಅಳತೆ ಕೇಳಿ ಆರ್ಡರ್ ಹಾಕಿ, ಖರೀದಿ ಪತ್ರದಲ್ಲಿ ‘ಬದಲಿ ಸೈಜ್ ಸ್ವೀಕರಿಸುವುದಿಲ್ಲ’ ಎಂದು ಬರೆಯಿರಿ.