ಎಲ್‌ಎಲ್‌ಬಿ ಪರೀಕ್ಷೆ: ಕನ್ನಡದಲ್ಲಿ ಬರೆಯುವುದೋ, ಇಂಗ್ಲಿಷಿನಲ್ಲೋ?

ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯ ಮೇಲ್ಭಾಗದಲ್ಲಿ ಒಂದು ಸೂಚನೆ ಇರುತ್ತದೆ: ಉತ್ತರ ಪೂರ್ತಿ ಕನ್ನಡದಲ್ಲಿರಬೇಕು, ಇಲ್ಲವೇ ಪೂರ್ತಿ ಇಂಗ್ಲಿಷಿನಲ್ಲಿ. ಅರ್ಧ ಅದು, ಅರ್ಧ ಇದು ನಡೆಯದು. ಅದೇ ಪ್ರಶ್ನೆಗಳಿಗೆ ಗಡಿಯಾರ ಇಟ್ಟುಕೊಂಡು ಎರಡೂ ಭಾಷೆಯಲ್ಲಿ ಬರೆದು ನೋಡಿದರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಕನ್ನಡದ ಉತ್ತರ ಸೋಲುವುದು ಪಾರಿಭಾಷಿಕ ಪದ ಸಡಿಲವಾದ ಕಡೆ. ಇಂಗ್ಲಿಷಿನದು ಸೋಲುವುದು ಉರು ಹೊಡೆದ ಪ್ಯಾರಾ ಪ್ರಶ್ನೆಗೆ ಹೊಂದದೆ ಹೋದ ಕಡೆ.

ಮೊದಲು ಸಮಯದ ಲೆಕ್ಕ. 80 ಅಂಕ, ಐದು ಘಟಕ, ಪ್ರತಿ ಘಟಕದಲ್ಲಿ 10 ಅಂಕದ ಪ್ರಬಂಧ ಮತ್ತು 6 ಅಂಕದ ಟಿಪ್ಪಣಿ ಅಥವಾ ಸಮಸ್ಯೆ, ಮೂರು ಗಂಟೆ. ಘಟಕಕ್ಕೆ 34 ನಿಮಿಷ ಹಿಡಿದರೆ (ಪ್ರಬಂಧಕ್ಕೆ 21, ಉಳಿದದ್ದಕ್ಕೆ 13) ಕೊನೆಗೆ ಹತ್ತು ನಿಮಿಷ ಉಳಿಯುತ್ತದೆ. ಒತ್ತು, ದೀರ್ಘ, ಉದ್ದುದ್ದ ಸಮಾಸ ಎಲ್ಲ ಸೇರಿ ಕನ್ನಡದಲ್ಲಿ ಕೈ ನಿಧಾನ. ಹಾಗಾಗಿ ಪೀಠಿಕೆ ಎರಡೇ ಸಾಲು ಇರಲಿ. 'ಮಾನವನು ಸಂಘಜೀವಿ' ಎಂದು ಶುರುಮಾಡುವ ಚಟಕ್ಕೆ ಒಂದು ಅಂಕವೂ ಬರುವುದಿಲ್ಲ.

ಕನ್ನಡ ಹೆಚ್ಚು ಪೆಟ್ಟು ತಿನ್ನುವುದು ಕರಾರು ಕಾನೂನಿನಲ್ಲಿ. 1872ರ ಅಧಿನಿಯಮದ ಕಲಂ 2(ಇ) ಅಗ್ರಿಮೆಂಟನ್ನೂ 2(ಎಚ್) ಕಾಂಟ್ರಾಕ್ಟನ್ನೂ ವ್ಯಾಖ್ಯಾನಿಸುತ್ತವೆ. ಬಳಕೆಯ ಕನ್ನಡದಲ್ಲಿ ಎರಡಕ್ಕೂ 'ಒಪ್ಪಂದ', ಎರಡಕ್ಕೂ 'ಕರಾರು'. ಪ್ರಶ್ನೆಯೇನೋ ಹಳೆಯದೇ: ಎಲ್ಲ ಕಾಂಟ್ರಾಕ್ಟುಗಳೂ ಅಗ್ರಿಮೆಂಟುಗಳು, ಎಲ್ಲ ಅಗ್ರಿಮೆಂಟುಗಳೂ ಕಾಂಟ್ರಾಕ್ಟುಗಳಲ್ಲ, ವಿವರಿಸಿ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಪದಗಳು ಅದಲುಬದಲಾಗಿ 'ಎಲ್ಲ ಒಪ್ಪಂದಗಳೂ ಒಪ್ಪಂದಗಳಲ್ಲ' ಎಂಬ ವಾಕ್ಯ ಹುಟ್ಟುತ್ತದೆ. ಮೊದಲ ಸಾಲಿನಲ್ಲೇ ಗಂಟು ಹಾಕಿಬಿಡಿ: ಅಗ್ರಿಮೆಂಟ್ ಎಂದರೆ ಒಪ್ಪಂದ; ಕಾನೂನಿನ ಬಲದಿಂದ ಜಾರಿಮಾಡಬಹುದಾದ ಒಪ್ಪಂದ ಕರಾರು. ಆಮೇಲೆ ಅಪ್ರಾಪ್ತ ವಯಸ್ಕನ ಒಪ್ಪಂದ ಮೊದಲಿನಿಂದಲೇ ಶೂನ್ಯ ಎಂದ ಮೊಹೋರಿ ಬೀಬಿ (1903) ತೀರ್ಪು ಬರೆಯುವಾಗ 'ಅಪ್ರಾಪ್ತನ ಕರಾರು' ಎಂಬ ಮಾತು ಬಾಯಿಗೇ ಬರುವುದಿಲ್ಲ. ಇಂಗ್ಲಿಷಿನಲ್ಲಿ ಈ ತೊಡಕಿಲ್ಲ; ಈ ಪತ್ರಿಕೆ ಇಂಗ್ಲಿಷಿನ ಪಾಲಿಗೆ.

ಇನ್ನೊಂದು ಗುಂಡಿ 'ಪ್ರಕರಣ'. ಅಧಿಕೃತ ಅನುವಾದಗಳಲ್ಲಿ ಅದು ಸೆಕ್ಷನ್, ಕೋರ್ಟಿನ ಮಾತಿನಲ್ಲಿ ಕೇಸು. 'ಈ ಪ್ರಕರಣದಲ್ಲಿ ಪ್ರಕರಣ 11 ಅನ್ವಯಿಸುತ್ತದೆ' ಎಂದು ಬರೆದವರ ಉದ್ದೇಶ ಬರೆದವರಿಗೇ ಗೊತ್ತು. ಸೆಕ್ಷನ್‌ಗೆ ಕಲಂ, ಕೇಸಿಗೆ ಪ್ರಕರಣ, ಸಂವಿಧಾನದಲ್ಲಿ ಅನುಚ್ಛೇದ ಎಂದು ಮೊದಲ ಸೆಮಿಸ್ಟರಿನಲ್ಲೇ ನಿಗದಿ ಮಾಡಿಕೊಂಡರೆ ಸಾಕು.

ಅಪರಾಧ ಕಾನೂನಿನಲ್ಲಿ ಕನ್ನಡ ಮುಂದೆ, ಅದರಲ್ಲೂ ಸಮಸ್ಯೆಯ ಪ್ರಶ್ನೆಯಲ್ಲಿ. ಐಪಿಸಿಯ (ಭಾರತೀಯ ದಂಡ ಸಂಹಿತೆ) ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 100 ಅಪರಾಧಿಕ ನರಹತ್ಯೆಯದು, 101 ಕೊಲೆಯದು. ಗೆರೆ ಬೀಳುವುದು ಎರಡು ನುಡಿಗಟ್ಟುಗಳ ನಡುವೆ: ಗಾಯದಿಂದ 'ಸಾವು ಬರುವ ಸಂಭವವಿದೆ' ಎಂಬುದು ಒಂದು, 'ಸಹಜ ಕ್ರಮದಲ್ಲಿ ಸಾವು ತರಲು ಆ ಗಾಯವೇ ಸಾಕು' ಎಂಬುದು ಇನ್ನೊಂದು. ಮೊದಲನೆಯದು ನರಹತ್ಯೆಯ ಮಾತು, ಎರಡನೆಯದು ಕೊಲೆಯದು. ಇಂಗ್ಲಿಷಿನಲ್ಲಿ ಎರಡನ್ನೂ ಬಾಯಿಪಾಠ ಮಾಡಿ ಇಳಿಸಿದವರು ಹೊಟ್ಟೆಗೆ ಭರ್ಜಿ ಚುಚ್ಚಿದ ಸಮಸ್ಯೆ ಬಂದಾಗ ಯಾವುದನ್ನು ಹಚ್ಚಬೇಕೆಂದು ತಿಳಿಯದೆ ಎರಡನ್ನೂ ಬರೆದು ತೀರ್ಮಾನ ಬಿಡುತ್ತಾರೆ. ಕನ್ನಡದಲ್ಲಿ ಅರ್ಥವಾಗದೆ ವಾಕ್ಯವೇ ಕೂಡುವುದಿಲ್ಲ. ಈ ಎರಡನೇ ನುಡಿಗಟ್ಟನ್ನು ಬಿಡಿಸಿ ಹೇಳಿದ ವಿರ್ಸಾ ಸಿಂಗ್ (1958) ತೀರ್ಪನ್ನು ಇಲ್ಲಿ ಹಚ್ಚಿದರೆ 6 ಅಂಕದ ಉತ್ತರ 13 ನಿಮಿಷದಲ್ಲಿ ಮುಗಿಯುತ್ತದೆ.

ಭೂ ಕಾನೂನಿನಲ್ಲಿ ಹೋಲಿಕೆಯ ಮಾತೇ ಇಲ್ಲ. ಪಹಣಿ, ಖಾತೆ, ಗೇಣಿ, ಪೋಡಿ ಎಲ್ಲ ನಮ್ಮವೇ. ಡ್ರಾಫ್ಟಿಂಗ್ (ಕರಡು ಬರೆಯುವ ಪತ್ರಿಕೆ) ಕೂಡ ಹಾಗೆಯೇ: 15 ವ್ಯಾಜ್ಯದ ಕರಡುಗಳಿಗೆ 45 ಅಂಕ, 15 ದಸ್ತಾವೇಜುಗಳಿಗೆ 45, ಮೌಖಿಕಕ್ಕೆ 10. ಕ್ರಯಪತ್ರದಲ್ಲಿ ಜನ ನಿಜವಾಗಿ ಎಡವುವುದು ಭಾಷೆಯಲ್ಲಲ್ಲ, ಆಸ್ತಿಯ ವಿವರ ಕೊಡುವ ಷೆಡ್ಯೂಲಿನಲ್ಲಿ. ಚೆಕ್ಕುಬಂದಿಯ ನಾಲ್ಕು ದಿಕ್ಕಿನಲ್ಲಿ ಒಂದನ್ನು ಬಿಟ್ಟಿರುತ್ತಾರೆ.

ಪುಸ್ತಕದ ವಿಷಯಕ್ಕೆ ಬಂದರೆ, ಕನ್ನಡದಲ್ಲಿ ಬರೆಯುವವರಿಗೂ ಇಂಗ್ಲಿಷ್ ಬೇರ್ ಆ್ಯಕ್ಟ್ (ಕಾನೂನಿನ ಮೂಲ ಪಠ್ಯ ಮಾತ್ರ ಇರುವ ಪುಸ್ತಕ) ತಪ್ಪಿದ್ದಲ್ಲ. ಕನ್ನಡ ಗೈಡು ಕೊಳ್ಳುವ ಮುನ್ನ ಕೊಲೆಗೆ ಶಿಕ್ಷೆ ಯಾವ ಕಲಂನಲ್ಲಿದೆ ಎಂದು ತೆರೆದು ನೋಡಿ. 302 ಮಾತ್ರ ಇದ್ದರೆ ಅದು 1 ಜುಲೈ 2024ಕ್ಕಿಂತ ಹಿಂದಿನ ಸರಕು. ಈಗ ಅದು 103. ಆದರೆ ಆ ದಿನಕ್ಕೆ ಮುಂಚೆ ನಡೆದ ಅಪರಾಧಕ್ಕೆ ಐಪಿಸಿಯೇ ಅನ್ವಯ, ಆದ್ದರಿಂದ ಹಳೆಯ ಸಂಖ್ಯೆಯೂ ನೆನಪಿರಲಿ.

ಮುಂದೆ ಹೈಕೋರ್ಟಿನ ಕಡೆ ಕಣ್ಣಿದ್ದವರು ಇಂಗ್ಲಿಷಿನಲ್ಲೇ ಬರೆಯಲಿ. ಅನುಚ್ಛೇದ 348ರಿಂದಾಗಿ ಅಲ್ಲಿಯ ಕಲಾಪ ಇಂಗ್ಲಿಷಿನದು. ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿಯ ಪಾಟೀಸವಾಲು ನಡೆಯುವುದು ಕನ್ನಡದಲ್ಲಿ. ಸಿವಿಲ್ ನ್ಯಾಯಾಧೀಶರ ನೇಮಕಾತಿಯ ಮುಖ್ಯ ಪರೀಕ್ಷೆಯಲ್ಲಿ ಅನುವಾದದ ಪತ್ರಿಕೆಯೇ ಬೇರೆ ಇದೆ. ಹಾಗಾಗಿ ಯಾವುದನ್ನೇ ಆರಿಸಿದರೂ ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಗೀಟಿಡಿ: ಇಂಗ್ಲಿಷ್ ಪದ, ನೀವು ನಿಗದಿ ಮಾಡಿದ ಕನ್ನಡ ಪದ, ಕಲಂ ಸಂಖ್ಯೆ. ಎಸ್ಟಾಪೆಲ್‌ನಂಥ (ಒಮ್ಮೆ ಹೇಳಿ ನಂಬಿಸಿದ್ದನ್ನು ಆಮೇಲೆ ಅಲ್ಲಗಳೆಯದಂತೆ ತಡೆಯುವ ನಿಯಮ) ಪದಕ್ಕೆ ತೃಪ್ತಿಕರ ಕನ್ನಡ ಸಿಗದಿದ್ದರೆ ಮಧ್ಯದ ಅಂಕಣದಲ್ಲಿ ಎಸ್ಟಾಪೆಲ್ ಎಂದೇ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ.